ಜೋಡಿ

ನರ್ಸಮ್ಮ ನಾಣ್ಯದ ಅಂಚಿನಿಂದ ತನ್ನ ಮೇಜಿನ ಹೆಸರುಫಲಕದ ಸ್ಕ್ರೂ ಬಿಚ್ಚುತ್ತಿದ್ದಳು. ಅಕ್ಕಪಕ್ಕದವರು ಪೇಪರಿನಲ್ಲಿ ಮುಖ ಹುದುಗಿಸಿದ್ದರು. ಕೊನೆಯ ಸ್ಕ್ರೂ ಕೈಗೆ ಬಂದಾಗ ಹಿಂದಿನ ಸಾಲಿನ ಶಾಸಕ, ಎಲ್ಲರೂ ಕಂಟ್ರಾಕ್ಟರು ಎನ್ನುವವನು, ಬಾಯಿಬಿಟ್ಟ.

"ಸ್ಕ್ರೂ ಇಲ್ಲೇ ಬಿಟ್ಟುಹೋಗಮ್ಮ, ಅದು ನಮ್ಮ ಪಕ್ಷದ್ದು."

ಸಾಲಿಗೆ ಸಾಲೇ ನಕ್ಕಿತು. ಪಕ್ಕದ ಕುರ್ಚಿಯ ಲಾಯರಣ್ಣ ಮಾತ್ರ ನಗಲಿಲ್ಲ.

ಶಾಸನಸಭೆಗೆ ಬರುವ ಮುಂಚೆ ಅವಳು ತನ್ನೂರಿನ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದವಳು. ಆ ವಾರ್ಡನ್ನೇ ಮುಚ್ಚಲು ತನ್ನ ಪಕ್ಷ ಹೊರಟಾಗ ಅಂಗಲಾಚಿದಳು, ಜಗಳವಾಡಿದಳು, ಕೊನೆಗೆ ಎದುರು ಪಕ್ಷಕ್ಕೆ ಹೋದಳು. ಪಕ್ಷ ಬಿಟ್ಟರೆ ಸದಸ್ಯತ್ವ ಹೋಗುವ ಕಾನೂನು ಆ ನಾಡಿನಲ್ಲಿರಲಿಲ್ಲ. ಅವಳೊಬ್ಬಳು ಎದ್ದು ಹೋದದ್ದಕ್ಕೆ ಇಡೀ ಸದನ ಮಗುಚಿಕೊಂಡಿತು. ಬಹುಮತ ಆಚೆ ಕಡೆಗೆ ಹೋಯಿತು, ಅದೂ ಒಂದೇ ಮತದಿಂದ. ಕಾರಿಡಾರಿನಲ್ಲಿ ಈಗ ಕೋಣೆ ಬದಲಿಸುತ್ತಿದ್ದ ಎರಡೂ ಪಕ್ಷಗಳ ಬೀರುಗಳು, ಕುರ್ಚಿಗಳು, ಬಾಡಿದ ಹೂಕುಂಡಗಳು ಎದುರುಬದುರಾಗಿ ಸಾಗುತ್ತಿದ್ದವು. ಸಭಾಧ್ಯಕ್ಷರಿಂದ ಹಿಡಿದು ಸಮಿತಿಗಳ ಮುಖ್ಯಸ್ಥರವರೆಗೆ ಎಲ್ಲರನ್ನೂ ಇವತ್ತೇ ಹೊಸದಾಗಿ ಆರಿಸಬೇಕು. ಆರೋಗ್ಯ ಸಮಿತಿ ನರ್ಸಮ್ಮನಿಗೇ ಎಂದು ಮಾತಾಗಿತ್ತು.

ಫಲಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊಸ ಸಾಲಿಗೆ ಬರುವಷ್ಟರಲ್ಲಿ ಅಳಿಯನ ಫೋನು.

"ಅತ್ತೆ, ನೋವು ಶುರುವಾಗಿದೆ. ಬಿ.ಪಿ. ಸಿಕ್ಕಾಪಟ್ಟೆ ಏರಿದೆಯಂತೆ. ಅಮ್ಮನ್ನ ಕರೀರಿ, ಅಮ್ಮನ್ನ ಕರೀರಿ ಅಂತ ಒಂದೇ ಸಮ."

ಬಿ.ಪಿ. ಏರಿದ ಬಸುರಿಯರನ್ನು ಅವಳು ಕಂಡಿದ್ದಳು. ಎಲ್ಲರೂ ಮನೆಗೆ ಹೋಗಿರಲಿಲ್ಲ. ನೇರ ಹೊಸ ಮುಖಂಡರ ಬಳಿ ಹೋದಳು.

"ಹೋಗ್ಬೇಡಿ ಅನ್ನೋಕೆ ನಾನ್ಯಾರಮ್ಮ?" ಎಂದರು ಅವರು. "ಆದ್ರೆ ನೀವು ಹೊರಗೆ ಹೋದ್ರೆ ಸಮ ಸಮ. ಆಗ ಹಳೇ ಸಭಾಧ್ಯಕ್ಷರು ತಮ್ಮವರಿಗೇ ವೋಟ್ ಹಾಕ್ಕೋತಾರೆ. ನಮಗೂ ಬೀಗ, ನಿಮ್ಮ ವಾರ್ಡಿಗೂ ಬೀಗ. ಆ ಕಡೆಯಿಂದ ಒಬ್ಬ ಜೋಡಿ ಸಿಕ್ಕಿದ್ರೆ ಆರಾಮಾಗಿ ಹೋಗಿಬನ್ನಿ."

ಈ ಜೋಡಿಯೆಂಬುದು ಸದನದ ಹಳೆಯ ಪದ್ಧತಿ. ಒಂದು ಪಕ್ಷದವರಿಗೆ ತಾಪತ್ರಯ ಬಂದರೆ ಇನ್ನೊಂದು ಪಕ್ಷದವರೊಬ್ಬರು ತಾವೂ ಮತ ಹಾಕದೆ ಹೊರಗುಳಿಯುತ್ತಿದ್ದರು. ಯಾವ ಕಾನೂನಿನಲ್ಲೂ ಇಲ್ಲ, ಬರೀ ನಾಲಿಗೆಯ ಮೇಲೆ ನಡೆಯುವಂಥದ್ದು. ನರ್ಸಮ್ಮನಿಗೂ ಎದುರು ಸಾಲಿನಲ್ಲಿ ಒಬ್ಬ ಜೋಡಿಯಿದ್ದರು, ಅಜ್ಜ ಎನ್ನುತ್ತಿದ್ದಳು. ಈಗ ಅಜ್ಜ ಅವಳ ಹೊಸ ಕುರ್ಚಿಯ ಪಕ್ಕದಲ್ಲೇ ಕೂತು ಪೆಚ್ಚಾಗಿ ನೋಡುತ್ತಿದ್ದರು. ಇಬ್ಬರೂ ಒಂದೇ ಕಡೆಯವರಾದ ಮೇಲೆ ಎಂಥ ಜೋಡಿ! ಹೊಸ ಜೋಡಿಯನ್ನು ಅವಳು ಬಿಟ್ಟುಬಂದವರಲ್ಲೇ ಹುಡುಕಬೇಕಿತ್ತು.

ಮತ್ತೆ ಹಳೆಯ ಸಾಲಿಗೆ ನಡೆದಳು.

"ಏನಮ್ಮ, ತವರು ನೆನಪಾಯ್ತಾ?" ಎಂದ ಕಂಟ್ರಾಕ್ಟರು.

"ಮಗಳಿಗೆ ಹೆರಿಗೆ ನೋವಪ್ಪ. ಯಾರಾದ್ರೂ ಜೋಡಿ ಬನ್ನಿ. ಮಧ್ಯದಲ್ಲಿ ವಾಪಸ್ ಬಂದ್ರೂ ಇವತ್ತು ನಾನು ವೋಟ್ ಹಾಕಲ್ಲ. ಮಾತು ಕೊಡ್ತೀನಿ."

"ಮಾತಾ? ಹೋದ ಚುನಾವಣೇಲಿ ನಮಗೂ ಕೊಟ್ಟಿದ್ದೆಯಲ್ಲಮ್ಮ!"

ಈ ಸಲ ಯಾರೂ ನಗಲಿಲ್ಲ.

ಲಾಯರಣ್ಣನ ಕಡೆ ತಿರುಗಿದಳು. ಅವನ ಮೊಮ್ಮಗಳನ್ನು ಈ ಲೋಕದಲ್ಲಿ ಮೊದಲು ಎತ್ತಿಕೊಂಡದ್ದು ಇವಳ ಕೈ. ಅವನು ಅವಳ ಹಳೆಯ ಮೇಜಿನ ಮೇಲೆ ಸ್ಕ್ರೂ ಬಿಟ್ಟುಹೋದ ತೂತುಗಳನ್ನು ಹೆಬ್ಬೆರಳಿನಿಂದ ಸವರುತ್ತ ಕೂತಿದ್ದ. ಮತದಾನದ ಗಂಟೆ ಹೊಡೆಯಿತು; ಬಾಗಿಲು ಮುಚ್ಚಿದರೆ ಮತ ಮುಗಿಯುವವರೆಗೆ ಯಾರೂ ಹೊರಗೆ ಹೋಗುವಂತಿಲ್ಲ. ಜವಾನರು ಒಂದೊಂದೇ ಬಾಗಿಲು ಮುಚ್ಚುತ್ತ ಬಂದರು. ಇನ್ನು ಒಂದೇ ಉಳಿದಿತ್ತು. ಅವಳ ಕೈಯಲ್ಲಿ ಫೋನು ಮತ್ತೆ ಗುಂಯ್‌ಗುಟ್ಟಿತು. ಲಾಯರಣ್ಣ ತಲೆಯೆತ್ತಲಿಲ್ಲ.

"ಅಣ್ಣಾ," ಎಂದಳು, "ನನ್ನ ಜೊತೆ ಹೊರಗೆ ಬರ್ತೀರಾ?"