ಕಳಿತ ಸೇಬಿನ ಉಸಿರು

ಸೋಯಾ ಮೊಳಕೆಯ ಬಾಲ ಚಿವುಟಲು ತಾಯಿ ಮಗಳು ಎದುರುಬದುರು ಕೂತರೆ ಮಾತು ತಾನಾಗಿ ಬರುತ್ತದೆ. ಕೈಗೆ ಕೆಲಸವಿರುತ್ತದೆ, ಮುಖ ನೋಡಬೇಕಾಗಿಲ್ಲ. ಕುನ್ಸಾನ್ ಬಂದರಿನ ಮೀನುಪೇಟೆಯ ಹಿಂದಿನ ಓಣಿಯಲ್ಲಿ ಒಕ್ಬುನ್‌ಳ ಮೇಲೋಗರದ ಅಂಗಡಿ. ಬೆಳಗಿನ ಒಂಬತ್ತಕ್ಕೆ ಖಾರ ಬೆರೆಸಿ ಹುಳಿಯಿಸಿದ ಮೂಲಂಗಿಯ ಕಿಮ್ಚಿ, ಹುರಿದ ಸಣ್ಣ ಮೀನು, ಸೊಪ್ಪಿನ ಪಲ್ಯ ಎಲ್ಲ ಜೋಡಿಸಿಯಾದ ಮೇಲೆ ಅವಳೂ ಅವಳ ಇಪ್ಪತ್ತೊಂದರ ಮಗಳು ಹ್ಯೊಜುವೂ ಹಳೆಯ ಪತ್ರಿಕೆ ಹಾಸಿಕೊಂಡು ಮೊಳಕೆಯ ಬುಟ್ಟಿ ಎಳೆದುಕೊಳ್ಳುತ್ತಿದ್ದರು.

"ಮುಂದಿನ ವಾರ ಗುರುವಾರ ನಮ್ಮ ಚರ್ಚಿನ ಹಿರಿಯರ ಮಗನ್ನ ನೋಡೋಕೆ ಹೋಗ್ಬೇಕು," ಎಂದಳು ಒಕ್ಬುನ್. "ಆ ಬೂದು ಕೋಟು ಹಾಕ್ಕೋಬೇಡ. ಹೆಣ ಸಾಗ್ಸೋಕೆ ಬಂದವಳ ಥರ ಕಾಣ್ತೀಯ."

"ನಂಗೆ ಬೇಡಮ್ಮ."

"ಬೇಡ ಅಂದ್ರೆ ನೀಲೀದು ಹಾಕ್ಕೋ."

"ಕೋಟಲ್ಲ. ಗಂಡು."

"ಯಾಕೆ, ಹಲ್ಲು ಮುಂದಿದೆ ಅಂತಾನಾ? ಪಾಪ, ಕೈ ಅಡ್ಡ ಹಿಡ್ಕೊಂಡೇ ನಗ್ತಾನೆ ಕಣೆ."

ಹ್ಯೊಜುಗೆ ನಗು ಬಂತು. ಆ ನಗುವಿನ ಧೈರ್ಯದಲ್ಲೇ ಮಾತು ಹೊರಬಿತ್ತು. "ಯಾವ ಗಂಡೂ ಬೇಡಮ್ಮ. ನಂಗೆ ಸೊರಿ ಅಂದ್ರೆ ಇಷ್ಟ. ಗೆಳತಿ ಥರ ಅಲ್ಲ. ನೀನು ಅಪ್ಪನ್ನ ಇಷ್ಟಪಟ್ಟೆ ಅಲ್ವಾ, ಹಾಗೆ."

ಸೊರಿ ಓಣಿಯ ತಿರುವಿನಲ್ಲಿರುವ ಪ್ಯೊನ್ ಅವರ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗಿ. ಒಕ್ಬುನ್‌ಳಿಗೆ ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷ. ದಿನಕ್ಕೆರಡು ಸಲ ಹೊಟ್ಟೆಗೆ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳಬೇಕು. ಆ ಸೂಜಿಯ ಪೆಟ್ಟಿಗೆ ಕೊಡುವಾಗೆಲ್ಲ ಸೊರಿ, "ಅಮ್ಮ, ಮತ್ತೆ ಕದ್ದು ಅಕ್ಕಿ ಕಡುಬು ತಿಂದ್ರಾ? ಮೂಗಿನ ಮೇಲಿನ ಹಿಟ್ಟೇ ಹೇಳ್ತಿದೆ," ಎಂದು ಗದರುತ್ತಿದ್ದಳು. ಒಕ್ಬುನ್‌ಳಿಗೆ ಆ ಗದರಿಕೆ ಇಷ್ಟವಾಗಿತ್ತು.

ಈಗ ಅವಳು ಮೊಳಕೆಯ ಮೇಲೆ ಇನ್ನಷ್ಟು ಬಗ್ಗಿದಳು. ಬುಟ್ಟಿ ಮುಗಿಯುವವರೆಗೂ ಚಿವುಟಿದಳು. ಕೊನೆಗೆ ಕೇಳಿದಳು: "ಬೇರೆ ಯಾರಿಗಾದ್ರೂ ಹೇಳಿದೀಯಾ?"

"ಇಲ್ಲ. ನಿಂಗೇ ಮೊದಲು."

"ಹೇಳ್ಬೇಡ." ಒದ್ದೆ ಕೈಯಿಂದಲೇ ಮಗಳ ಕೆನ್ನೆ ಸವರಿ ಎದ್ದಳು.

ಹ್ಯೊಜುಗೆ ಹದಿಮೂರರಲ್ಲಿ ಮೈನೆರೆದಾಗ ತಾಯಿ ಬಟ್ಟೆಯನ್ನೂ ಬೈಬಲನ್ನೂ ಒಟ್ಟಿಗೆ ಕೈಗಿಟ್ಟು, "ಈ ಮೈ ನಿಂದಲ್ಲ, ದೇವರ ಆಲಯ," ಎಂದಿದ್ದಳು. ಅವತ್ತಿನಿಂದ ಹುಡುಗಿ ತನ್ನದೇ ಮೈಯೊಳಗೆ ಚಪ್ಪಲಿ ಕಳಚಿಟ್ಟು ಅಂಜಂಜುತ್ತಲೇ ಓಡಾಡಿದವಳು. ಇವತ್ತು ಕೆನ್ನೆಯ ಮೇಲೆ ಒದ್ದೆ ಕೈ ಆಡಿದಾಗ, ಎಂಟು ವರ್ಷಗಳಾದ ಮೇಲೆ, ಇದು ತನ್ನದೇ ಕೆನ್ನೆ ಅನ್ನಿಸಿತು. ಅಮ್ಮ ಒಪ್ಪಿದಳು ಅಂದುಕೊಂಡಳು. ಮೂರು ದಿನ ಹಾಡುತ್ತ ಕಿಮ್ಚಿ ಬೆರೆಸಿದಳು.

ಒಕ್ಬುನ್ ಹೋಗುವ ಚರ್ಚಿನ ಸಭೆಯಲ್ಲಿ ಒಂದು ಪದ್ಧತಿಯಿದೆ. ಬುಧವಾರ ಬುಧವಾರ ಅವಳೂ ಸೇರಿ ಓಣಿಯ ಎಂಟು ಹೆಂಗಸರು ಒಬ್ಬರ ಮನೆಯಲ್ಲಿ ಸೇರುತ್ತಾರೆ. ಒಬ್ಬೊಬ್ಬರೂ ಆ ವಾರದ ತಮ್ಮ "ಪ್ರಾರ್ಥನೆಯ ವಿಷಯ" ಹೇಳಬೇಕು. ಮಗನ ಪರೀಕ್ಷೆ, ಗಂಡನ ಕುಡಿತ, ಮಂಡಿನೋವು, ಸೊಸೆಯ ಬಂಜೆತನ. ಒಬ್ಬಳು ಹೇಳುತ್ತಾಳೆ, ಏಳು ಜನ ಕಣ್ಣು ಮುಚ್ಚಿ ಅದಕ್ಕಾಗಿ ಬೇಡುತ್ತಾರೆ, ಮನೆಗೆ ಹೋಗಿ ಇನ್ನಷ್ಟು ಜನರಿಗೆ ಬೇಡಲು ಹೇಳುತ್ತಾರೆ. ಚಾಡಿ ಹೇಳಿದರೆ ಪಾಪ. ಅದನ್ನೇ ಕಣ್ಣು ಮುಚ್ಚಿಕೊಂಡು ಹೇಳಿದರೆ ಪುಣ್ಯ! ಗುಟ್ಟು ಅನ್ನುವುದೇ ಅಲ್ಲಿ ಉಳಿಯುವುದಿಲ್ಲ, ಮನುಷ್ಯ ಉಳಿಯುವುದು ದೂರದ ಮಾತು.

ಶನಿವಾರ ಆ ಎಂಟರಲ್ಲೊಬ್ಬಳಾದ ತೇಬಿನ್‌ನ ಅಮ್ಮ ಮೂಲಂಗಿ ಕಿಮ್ಚಿ ಕೊಳ್ಳಲು ಬಂದವಳು ಹ್ಯೊಜುವಿನ ಕೈ ಹಿಡಿದುಕೊಂಡಳು. ಕಣ್ಣು ತುಂಬಿಕೊಂಡಿತ್ತು. "ಮಗಾ, ನಿನಗೋಸ್ಕರ ನಾವೆಲ್ಲ ಅಳ್ತಾ ಇದೀವಿ ಕಣೆ. ನಮ್ಮ ಪಾಸ್ಟರು ಕೂಡ." ಆಮೇಲೆ, "ಖಾರ ಸ್ವಲ್ಪ ಕಮ್ಮಿ ಇರೋದು ಕೊಡು," ಎಂದಳು.

ಗಿರಾಕಿ ಹೋದ ಮೇಲೆ ಹ್ಯೊಜು ಒಳಗೆ ಬಂದಳು. "ಯಾರಿಗೂ ಹೇಳ್ಬೇಡ ಅಂದೋಳು ನೀನೇ ಅಲ್ವಾ?"

"ಜನಕ್ಕೆ ಹೇಳ್ಬೇಡ ಅಂದೆ. ನಾನು ದೇವರಿಗೆ ಹೇಳ್ದೆ."

"ದೇವರ ಪಕ್ಕದಲ್ಲಿ ಏಳು ಜನ ಹೆಂಗಸರು ಕೂತಿದ್ರಲ್ಲಮ್ಮ!"

"ಮತ್ತೆ ಯಾರಿಗೆ ಹೇಳ್ಲಿ ನಾನು?" ಒಕ್ಬುನ್ ಸೌಟು ಬಿಸಾಡಿದಳು. "ನಿಮ್ಮಪ್ಪ ಸಮುದ್ರದಲ್ಲಿ ಮುಳುಗಿ ಹೋದಾಗ ನಿನ್ನ ಚಿಕ್ಕಪ್ಪ ಬಂದನಾ, ಸೋದರಮಾವ ಬಂದನಾ? ಇದೇ ಹೆಂಗಸರು ಮೂರು ದಿನ ನನಗೆ ಗಂಜಿ ಕುಡ್ಸಿದ್ರು. ನಿನ್ನ ಹೇತ ಬಟ್ಟೆ ಒಗ್ದೋರು ಅವರು. ಅವರಿಂದ ಮುಚ್ಚಿಡೋದು ನನಗೆ ಗೊತ್ತಿಲ್ಲ."

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಒಳ್ಳೆಯ ಹೆಂಗಸರೇ ಅವರು. ಕೆಟ್ಟವರಾಗಿದ್ದರೆ ಹ್ಯೊಜು ಎಂದೋ ತಪ್ಪಿಸಿಕೊಂಡಿರುತ್ತಿದ್ದಳು.

ಸೋಮವಾರ ತಾಕ್ ಅಮ್ಮನವರು ಬಂದರು. ಊರಾಚೆ ಕೆರೆಯ ಮೇಲಿನ ಗುಡ್ಡದಲ್ಲಿ ಅವರ ಪ್ರಾರ್ಥನಾಲಯ. ಕಾಯಿಲೆಯವರು, ಕುಡುಕರು, ಮನೆ ಮುರಿದವರು ಅಲ್ಲಿ ಹೋಗಿ ಬರೀ ನೀರು ಕುಡಿದು ಉಪವಾಸ ಕೂರುತ್ತಾರೆ. ಅವರು ಹ್ಯೊಜುವನ್ನು ಬೈಯಲಿಲ್ಲ. ಅಂಗಡಿಯ ಎಲ್ಲ ಮೇಲೋಗರವನ್ನೂ ಹೊಗಳಿ, ಬಾರ್ಲಿ ಚಹಾ ಕುಡಿದು, ಆಮೇಲೆ ಹೇಳಿದರು: "ಇದು ಮಗುವಿನ ತಪ್ಪಲ್ಲ. ಒಳಗೆ ಸೇರ್ಕೊಂಡಿರೋದರ ತಪ್ಪು. ಹತ್ತು ದಿನ ಉಪವಾಸ ಇದ್ರೆ ಬಿಟ್ಟು ಹೋಗುತ್ತೆ."

"ನಾನು ಬರಲ್ಲ," ಎಂದಳು ಹ್ಯೊಜು.

"ಅದು ಒಳಗಿಂದ ಹಾಗೇ ಹೇಳ್ಸುತ್ತೆ." ಅಮ್ಮನವರು ಒಕ್ಬುನ್‌ಳ ಕಡೆ ತಿರುಗಿದರು. "ಮಗಳು ಕೂರಲ್ಲ ಅಂದ್ರೆ ತಾಯಿ ಕೂರ್ಬೇಕು. ಹೊಟ್ಟೇಲಿ ಹೊತ್ತೋಳು ಹೊಟ್ಟೆ ಒಣಗಿಸ್ಕೊಂಡೇ ಬಿಡಿಸ್ಬೇಕು. ಸೂಜಿ ಗೀಜಿ ಇಲ್ಲೇ ಬಿಟ್ಟು ಬಾ. ಒಂದು ಕಾಲು ದೇವರ ಮೇಲೆ, ಒಂದು ಕಾಲು ಔಷಧಿ ಮೇಲೆ ಇಟ್ರೆ ನಡೆಯೋದಿಲ್ಲ."

ಸುದ್ದಿ ಕೇಳಿ ಔಷಧಿ ಅಂಗಡಿಯ ಪ್ಯೊನ್ ಅವರೇ ಏದುಸಿರು ಬಿಡುತ್ತ ಓಡಿ ಬಂದರು. ಅವರೂ ಅದೇ ಸಭೆಯವರು, ನಲವತ್ತು ವರ್ಷದಿಂದ. "ಒಕ್ಬುನ್, ಸೂಜಿ ಬಿಟ್ರೆ ವಾರ ಬದುಕಲ್ಲ ನೀನು. ಸುವಾರ್ತೆ ಬರೆದ ಲೂಕ ವೈದ್ಯ ಆಗಿದ್ದ ಅಲ್ವೇನೆ? ಅವನ ಚೀಲ ಕಸಿದು ಕೆರೆಗೆ ಬಿಸಾಕು ಅಂತ ಯೇಸು ಹೇಳಿದ್ರಾ? ಉಪವಾಸ ಮಾಡು, ನಾನು ಬೇಡ ಅನ್ನಲ್ಲ. ಒಂದು ಹೊತ್ತು ಬಿಡು. ಟೀವಿ ಬಿಡು. ನನಗೆ ಬೈಯೋದು ಬಿಡು. ಸೂಜಿ ಬಿಡ್ಬೇಡ."

"ಆ ಸೂಜಿ ಯಾರ ಕೈಯಿಂದ ಬರುತ್ತೆ ಅಂತ ಈಗ ಗೊತ್ತಾಯ್ತಲ್ಲ," ಎಂದಳು ಒಕ್ಬುನ್. ಪೆಟ್ಟಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದ ಸೊರಿ ತಲೆ ತಗ್ಗಿಸಿದಳು.

ಮರುದಿನ ಒಕ್ಬುನ್ ಅಂಗಡಿಗೆ ಬೀಗ ಹಾಕಿ ಗುಡ್ಡ ಹತ್ತಿದಳು.

ಮೂರನೆಯ ದಿನ ಹ್ಯೊಜು ಪೆಟ್ಟಿಗೆ ಹಿಡಿದುಕೊಂಡು ಅಲ್ಲಿಗೆ ಹೋದಳು. ಉದ್ದನೆಯ ಕೋಣೆ, ಚಾಪೆಯ ಮೇಲೆ ಸಾಲಾಗಿ ಮಲಗಿದ ಜನ. ತಾಯಿ ಗೋಡೆಗೊರಗಿ ಕೂತಿದ್ದಳು. ತುಟಿ ಒಡೆದಿತ್ತು. ಪಕ್ಕದಲ್ಲಿ ನೀರಿನ ದೊಡ್ಡ ಹೂಜಿ. ಎಷ್ಟು ಕುಡಿದರೂ ಬಾಯಾರಿಕೆ ಹೋಗುತ್ತಿಲ್ಲ ಎಂದಳು.

"ಅಮ್ಮ, ಒಂದೇ ಸೂಜಿ ಹಾಕ್ಕೋ. ಯಾರಿಗೂ ಹೇಳಲ್ಲ."

"ನೀನು ಒಂದು ಮಾತು ಹೇಳು. 'ಬಿಟ್ಟೆ' ಅನ್ನು. ಈಗ್ಲೇ ಎದ್ದು ಬರ್ತೀನಿ, ದಾರೀಲಿ ಕಡಲಪಾಚಿ ಸಾರು ಕುಡಿಯೋಣ."

ಎರಡೇ ಅಕ್ಷರದ ಮಾತು. ಹ್ಯೊಜುವಿನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬದುಕಿನಲ್ಲಿ ಒಂದೇ ಒಂದು ಸಲ ತಾಯಿಗೆ ನಿಜ ಹೇಳಿದ್ದಳು, ಅದನ್ನು ಸುಳ್ಳು ಮಾಡಿದರೆ ತನ್ನಲ್ಲಿ ಇನ್ನೇನೂ ಉಳಿಯುವುದಿಲ್ಲ ಅನ್ನಿಸಿತು. ಜೊತೆಗೆ, ಅಮ್ಮ ನಾಳೆ ತಾನೇ ಸೋತು ಬರುತ್ತಾಳೆ, ಹಟ ಹತ್ತು ದಿನ ನಡೆಯುವುದಿಲ್ಲ ಎಂದೂ ಅನ್ನಿಸಿತು. ಪೆಟ್ಟಿಗೆಯನ್ನು ತಾಯಿಯ ಚೀಲದೊಳಗೆ ಬಲವಂತವಾಗಿ ತುರುಕಿ ಇಳಿದು ಬಂದಳು.

ಐದನೆಯ ದಿನ ಮಧ್ಯಾಹ್ನ ಮತ್ತೆ ಹೋದಾಗ ಕೋಣೆಯ ಬಾಗಿಲಲ್ಲೇ ಒಂದು ಘಮ ಮುಖಕ್ಕೆ ಬಡಿಯಿತು. ಕಳಿತ ಸೇಬಿನದು. ಬುಟ್ಟಿಯಲ್ಲಿ ಬಹಳ ದಿನ ಉಳಿದು, ಸಿಪ್ಪೆ ಮೆತ್ತಗಾಗಿ, ಒಂದಿಷ್ಟು ಹುಳಿ ತಿರುಗಿದ ಸೇಬು. ಕೋಣೆಯಲ್ಲಿ ಹಣ್ಣೇ ಇರಲಿಲ್ಲ. ತಾಯಿಯ ಸುತ್ತ ಬುಧವಾರದ ಆ ಏಳೂ ಹೆಂಗಸರು ಮಂಡಿಯೂರಿದ್ದರು. ಒಕ್ಬುನ್ ಕಣ್ಣು ಮುಚ್ಚಿಕೊಂಡು ಆಳವಾಗಿ, ವೇಗವಾಗಿ, ಬೆಟ್ಟ ಹತ್ತುವವಳ ಹಾಗೆ ಉಸಿರಾಡುತ್ತಿದ್ದಳು. ಆ ಘಮ ಅವಳ ಬಾಯಿಂದ ಬರುತ್ತಿತ್ತು.

"ಬಾ ಮಗಾ, ಬಾ," ತೇಬಿನ್‌ನ ಅಮ್ಮ ಅಳುತ್ತ ನಗುತ್ತಿದ್ದಳು. "ಮೂಸಿ ನೋಡು. ಪವಿತ್ರಾತ್ಮನ ಪರಿಮಳ! ಬೆಳಗ್ಗೆಯಿಂದ ಬರ್ತಾ ಇದೆ. ಐದು ದಿನದಿಂದ ಅನ್ನ ಕಾಣದ ಬಾಯಿಂದ ಇಂಥ ಘಮ ಎಲ್ಲಿಂದ ಬರುತ್ತೆ ಹೇಳು?"

ಒಬ್ಬೊಬ್ಬರಾಗಿ ಬಗ್ಗಿ ಮೂಸುತ್ತಿದ್ದರು. ಸಾಯುತ್ತಿರುವವಳ ಉಸಿರನ್ನು ಹೂವಿನಂತೆ ಮೂಸಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಒಂದು ಕ್ಷಣ, ಒಂದೇ ಕ್ಷಣ, ಹ್ಯೊಜು ಕೂಡ ನಂಬಿದಳು. ಹುಟ್ಟಿದಾಗಿನಿಂದ ಅದೇ ಸಭೆಯಲ್ಲಿ ಬೆಳೆದವಳು ಅವಳೂ ತಾನೆ. ಆಮೇಲೆ ಹೊರಗೆ ಬಂದು ಸೊರಿಗೆ ಫೋನು ಮಾಡಿ ಹೇಳಿದಳು.

ಸೊರಿಯ ದನಿ ಕಿರುಚಿತು. "ಪರಿಮಳ ಅಲ್ಲ ಕಣೆ ಅದು! ಸೂಜಿ ಇಲ್ದೆ ಅಮ್ಮನ ರಕ್ತ ಹುಳಿ ಆಗ್ತಾ ಇದೆ. ಆಂಬುಲೆನ್ಸಿಗೆ ನಾನು ಹೇಳ್ತೀನಿ, ನೀನು ಅಲ್ಲಿಂದ ಎಬ್ಬಿಸು. ಏನಾದ್ರೂ ಮಾಡಿ ಎಬ್ಬಿಸು!"

ಹ್ಯೊಜು ಹೆಂಗಸರನ್ನು ತಳ್ಳಿಕೊಂಡು ಒಳಗೆ ನುಗ್ಗಿ ತಾಯಿಯ ಮುಖ ಹಿಡಿದುಕೊಂಡಳು. "ಅಮ್ಮ, ಬಿಟ್ಟೆ. ಕೇಳಿಸ್ತಾ? ಬಿಟ್ಟೆ ನಾನು. ಸೊರಿ ನಂಗೆ ಯಾರೂ ಅಲ್ಲ. ಹಲ್ಲು ಮುಂದಿರೋನ್ನೇ ಮದುವೆ ಆಗ್ತೀನಿ. ಏಳಮ್ಮ."

ಒಕ್ಬುನ್ ಕಣ್ಣು ತೆರೆದಳು. ಬಹಳ ದೂರದಿಂದ ನೋಡುವಂತೆ ಮಗಳನ್ನು ನೋಡಿದಳು. ಕೈ ಊರಿ ಏಳಲು ಹೋದಳು.

"ತಡಿ," ಎಂದರು ತಾಕ್ ಅಮ್ಮನವರು. "ಅದು ಬಾಯಿಗೆ ಬಂದದ್ದು ಹೇಳುತ್ತೆ. ಇನ್ನೂ ಐದು ದಿನ ಇದೆ. ಅರ್ಧಕ್ಕೆ ಎದ್ದರೆ ಏಳರಷ್ಟಾಗಿ ವಾಪಸು ಬರುತ್ತೆ."

ಒಕ್ಬುನ್ ಮತ್ತೆ ಮಗಳ ಮುಖ ನೋಡಿದಳು. ನಕ್ಕಳು, ಒಡೆದ ತುಟಿಯಲ್ಲಿ ರಕ್ತ ಕಾಣಿಸಿತು. "ಸುಳ್ಳು ಹೇಳ್ತಾ ಇದೀಯ ಮಗಾ," ಎಂದಳು. "ಹೆತ್ತೋಳು ನಾನು. ನಂಗೆ ಗೊತ್ತಾಗಲ್ವಾ?"

ಮಗಳ ಮುಖವನ್ನು ಅಷ್ಟು ಚೆನ್ನಾಗಿ ಓದಬಲ್ಲವಳು ಅದರಲ್ಲಿ ಬರೆದಿದ್ದ ಬೇರೆಲ್ಲವನ್ನೂ ಬಿಟ್ಟು ಅದೊಂದನ್ನೇ ಓದಿದಳು. ಗೋಡೆಗೊರಗಿ ಮತ್ತೆ ಕಣ್ಣು ಮುಚ್ಚಿದಳು.

ಆಂಬುಲೆನ್ಸಿನವರು ಬಂದಾಗ ಉಪವಾಸದ ಕೋಣೆಗೆ ಹೊರಗಿನವರು ಬರಬಾರದೆಂದು ಬಾಗಿಲಲ್ಲಿ ಕಾಲು ಗಂಟೆ ವಾದ ನಡೆಯಿತು. ಒಕ್ಬುನ್‌ಳ ಉಸಿರು ಕೆರೆಯ ತಿರುವಿನಲ್ಲಿ ನಿಂತಿತು. ಆಸ್ಪತ್ರೆಯ ಡಾಕ್ಟರು ಕಾಗದ ಬರೆಯುತ್ತ, "ನಿನ್ನೆ ತಂದಿದ್ರೂ ಆಗ್ತಿತ್ತು," ಎಂದರು. ಚೀಲದಲ್ಲಿ ಸೂಜಿಯ ಪೆಟ್ಟಿಗೆ ಹಾಗೇ ಇತ್ತು, ಅಂಟು ಕೂಡ ಕಿತ್ತಿರಲಿಲ್ಲ.

ಮೂರು ದಿನದ ಸಾವಿನ ಮನೆಯಲ್ಲಿ ಅದೇ ಹೆಂಗಸರು ಬಂದವರಿಗೆಲ್ಲ ಸಾರು ಬಡಿಸಿದರು, ಹ್ಯೊಜುಗೆ ಗಂಜಿ ಕುಡಿಸಿದರು. ಸೊರಿ ಕೊನೆಯ ದಿನ ಬಂದಳು, ಒಕ್ಬುನ್‌ಳ ಪಟಕ್ಕೆ ಬಗ್ಗಿ, ಹೊರಗೆ ನಿಂತು ಹೇಳಿದಳು: "ನಾನು ಚೊಂಜುಗೆ ಹೋಗ್ತಿದೀನಿ, ಅಕ್ಕನ ಮನೆಗೆ. ನಿನ್ನ ಮುಖ ನೋಡಿದ್ರೆ ಆ ಪೆಟ್ಟಿಗೆ ಕಾಣುತ್ತೆ. ನಿಂಗೂ ಹಾಗೇ ಅಲ್ವಾ?" ಹ್ಯೊಜು ಹೌದೆಂದು ತಲೆಯಾಡಿಸಿದಳು.

ಆಮೇಲೆ ಪಾಸ್ಟರು ಬಂದು ಕೂತರು. "ತಾಯಿ ತನ್ನ ಪ್ರಾಣ ಕೊಟ್ಟು ನಿನ್ನನ್ನ ಬಿಡಿಸಿದಳು. ನೀನು 'ಬಿಟ್ಟೆ' ಅಂದದ್ದನ್ನ ಏಳು ಜನ ಕೇಳಿದಾರೆ. ಭಾನುವಾರ ಎಲ್ಲರ ಮುಂದೆ ನಿಂತು ಸಾಕ್ಷಿ ಹೇಳಮ್ಮ. ಅವಳ ಸಾವಿಗೆ ಒಂದು ಅರ್ಥ ಬರುತ್ತೆ."

"ಹೇಳ್ತೀನಿ," ಎಂದಳು ಹ್ಯೊಜು.

ಭಾನುವಾರ ಬೂದು ಕೋಟು ಹಾಕಿಕೊಂಡು ಮೈಕಿನ ಮುಂದೆ ನಿಂತಳು. "ನನ್ನಮ್ಮ ಒಕ್ಬುನ್. ಅವಳಿಗೆ ಸಕ್ಕರೆ ಕಾಯಿಲೆ ಇತ್ತು," ಎಂದು ಶುರುಮಾಡಿದಳು. ಯಾವ ದಿನ ಯಾರು ಸೂಜಿ ನಿಲ್ಲಿಸಲು ಹೇಳಿದರು, ಯಾರು ಹೌದು ಹೌದು ಎಂದರು, ಬಾಗಿಲಲ್ಲಿ ಯಾರು ನಿಂತಿದ್ದರು, ಎಲ್ಲ ಹೆಸರು ಹಿಡಿದು ಹೇಳಿದಳು. "ನಾನು ಏನನ್ನೂ ಬಿಟ್ಟಿಲ್ಲ. ಅವತ್ತು ಸುಳ್ಳು ಹೇಳಿದೆ. ನನ್ನಮ್ಮನಿಗೆ ಅದು ಗೊತ್ತಿತ್ತು," ಎಂದಳು. ಪಾಸ್ಟರು ಅವಸರದಿಂದ ಎದ್ದು ಎರಡೂ ಕೈ ಮೇಲೆತ್ತಿದರು. "ಕರ್ತನನ್ನು ಮೂರು ಸಲ ಕೂಗಿ, ಎಲ್ಲರೂ ದನಿ ಎತ್ತಿ ಪ್ರಾರ್ಥಿಸೋಣ!"

"ಕರ್ತನೇ! ಕರ್ತನೇ! ಕರ್ತನೇ!"

ಇನ್ನೂರು ಗಂಟಲು ಒಟ್ಟಿಗೆ ತೆರೆದವು. ಒಬ್ಬೊಬ್ಬರೂ ತಮ್ಮ ತಮ್ಮ ಮಾತನ್ನೇ ಕಿರುಚುತ್ತ, ಎದೆ ಗುದ್ದಿಕೊಳ್ಳುತ್ತ, ಕಣ್ಣು ಬಿಗಿದುಕೊಂಡು ಕೂಗಿದರು. ಆ ಸಭೆಯಲ್ಲಿ ಅದು ಪ್ರತಿವಾರದ ಪ್ರಾರ್ಥನೆ. ಅದರಡಿಯಲ್ಲಿ ಒಂದು ಹೆಣ್ಣಿನ ದನಿ ಮುಳುಗಲು ಎಷ್ಟು ಹೊತ್ತು ಬೇಕು? ಮೈಕನ್ನೂ ಯಾರೋ ಆರಿಸಿದರು. ಹ್ಯೊಜು ಹೇಳುತ್ತಲೇ ಇದ್ದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ವೇದಿಕೆಯಿಂದ ಇಳಿದಳು. ಮೊದಲ ಸಾಲಿನಲ್ಲಿ ಬುಧವಾರದ ಆ ಏಳೂ ಹೆಂಗಸರಿದ್ದರು, ತುದಿಯಲ್ಲಿ ತೇಬಿನ್‌ನ ಅಮ್ಮ ಕೂಗುತ್ತಿದ್ದಳು. ಹ್ಯೊಜು ಬಗ್ಗಿ ಅವಳ ಕಿವಿಗೆ ಬಾಯಿಟ್ಟು ಹೇಳಿದಳು: "ಅದು ಪರಿಮಳ ಅಲ್ಲ. ನನ್ನಮ್ಮನ ರಕ್ತ ಹುಳಿ ಆಗ್ತಿತ್ತು." ತೇಬಿನ್‌ನ ಅಮ್ಮ ಇನ್ನೂ ಜೋರಾಗಿ ಕೂಗಿದಳು. ಹ್ಯೊಜು ಪಕ್ಕದವಳ ಕಿವಿಗೆ ಹೇಳಿದಳು. ಅವಳು ಕಿವಿ ಮುಚ್ಚಿಕೊಂಡಳು. ಮೂರನೆಯವಳಿಗೆ, ನಾಲ್ಕನೆಯವಳಿಗೆ. ಏಳನೆಯವಳ ಕಿವಿಗೆ ಹೇಳಿದಾಗ ಅವಳು ಕಣ್ಣು ತೆರೆಯಲಿಲ್ಲ. ಬಾಯಿ ಮಾತ್ರ ನಿಂತಿತು.

ಹ್ಯೊಜು ಎರಡನೆಯ ಸಾಲಿಗೆ ಹೋದಳು.