ಮಿಲಿಟರಿ ಗಾಡಿಗೆ ದನಿ ಬಂದದ್ದು

ನನ್ನ ಚಿಗವ್ವ ಅಡಿವೆವ್ವನ ಗಾಡಿ ಕಳುವಾದದ್ದು ಮಟಮಟ ಮಧ್ಯಾಹ್ನದಲ್ಲಿ. 1957ರ ಫೆಬ್ರುವರಿ ತಿಂಗಳು, ಜಕ್ಕಲಿಯ ಎರೆಹೊಲಗಳಲ್ಲಿ ಹತ್ತಿ ಬಿಡಿಸುವ ಸುಗ್ಗಿ. ರೋಣದ ಕಡೆಗೆ ಹೋಗುವ ಗಾಡಿದಾರಿಯ ಎರಡೂ ಬದಿಗೆ ಜನ ತುಂಬಿದ್ದರು. ಚಿಗವ್ವ ಎತ್ತು ಬಿಚ್ಚಿ ಹಳ್ಳಕ್ಕೆ ಹೋಗಿ ನೀರು ಕುಡಿಸಿಕೊಂಡು ಬರುವಷ್ಟರಲ್ಲಿ ಬೇವಿನ ಗಿಡದ ಕೆಳಗೆ ನಿಲ್ಲಿಸಿದ್ದ ಗಾಡಿ ಇರಲಿಲ್ಲ. ಯಾರೋ ತಮ್ಮ ಎತ್ತುಗಳನ್ನು ತಂದು ಹೂಡಿ, ಅಷ್ಟೂ ಜನರ ನಡುವಿನಿಂದ ಹೊಡೆದುಕೊಂಡು ಹೋಗಿದ್ದರು.

ಅದು ಊರಿನ ಉಳಿದ ಚಕ್ಕಡಿಗಳಂಥದಲ್ಲ. ಯುದ್ಧ ಮುಗಿದ ಮೇಲೆ ಬೆಳಗಾವಿಯಲ್ಲಿ ದಂಡಿನ ಸಾಮಾನು ಲಿಲಾವಿಗೆ ಬಂದಾಗ ಚಿಗವ್ವನ ಗಂಡ ಗುರುಸಂಗಪ್ಪ ಕೊಂಡು ತಂದ ಟ್ರೇಲರ್ ಅದು. ಕಬ್ಬಿಣದ ತೊಟ್ಟಿ, ಎರಡು ರಬ್ಬರ್ ಗಾಲಿ. ಜೀಪಿನ ಹಿಂದೆ ಕಟ್ಟುವ ಕೊಂಡಿಯನ್ನು ಬಡಿಗ್ಯಾರ ಮೌನಪ್ಪ ಬಿಚ್ಚಿ ತೆಗೆದು, ಎತ್ತು ಹೂಡಲು ಬರುವಂತೆ ಉದ್ದನೆಯ ಮರ ಕೂಡಿಸಿಕೊಟ್ಟಿದ್ದ. ಊರವರು ಮಿಲಿಟರಿ ಗಾಡಿ ಎನ್ನುತ್ತಿದ್ದರು. ಗುರುಸಂಗಪ್ಪ ತೀರಿಕೊಂಡು ಮೂರು ವರ್ಷವಾಗಿದ್ದರೂ, ಯಾರದು ಎಂದು ಕೇಳಿದರೆ ‘ತೋಟಪ್ಪನ ತಮ್ಮನ ಗಾಡಿ’ ಎಂದೇ ಉತ್ತರ.

ತೋಟಪ್ಪ ಚಿಗವ್ವನ ಭಾವ. ಕೆಟ್ಟವನಲ್ಲ. ಆದರೆ ತಮ್ಮ ಸತ್ತ ವರ್ಷ ‘ಹೆಂಗಸು ಗಾಡಿ ಹೊಡೆಯೋದುಂಟೇನು’ ಎಂದು ಅವಳ ಹತ್ತಿಯನ್ನು ತನ್ನ ಚಕ್ಕಡಿಯಲ್ಲೇ ಒಯ್ಯುವುದಾಗಿ ಹೇಳಿದ್ದ. ತನ್ನ ಹೊಲದ್ದೆಲ್ಲ ಮುಗಿಸಿ ಅವನು ಬರುವ ಹೊತ್ತಿಗೆ ಅಡ್ಡಮಳೆ ಹೊಡೆದು, ಚಿಗವ್ವ ಬಿಡಿಸಿಟ್ಟಿದ್ದ ಹತ್ತಿ ಹೊಲದಲ್ಲೇ ನೆನೆದು ಕಪ್ಪಾಗಿತ್ತು. ಮರುವರ್ಷ ಅವಳು ಎತ್ತಿನ ಹಗ್ಗ ತಾನೇ ಹಿಡಿದಳು. ಯಾರು ನಕ್ಕರೂ ಬಿಡಲಿಲ್ಲ.

ಕಳುವಾದ ಗಾಡಿ ಮರುದಿನವೇ ಸಿಕ್ಕಿತು. ರೋಣ ದಾಟಿ ನರಗುಂದದ ದಾರಿಯಲ್ಲಿ ಒಂದು ಹಳ್ಳದೊಳಗೆ, ಜೋಳದ ಕಣಿಕೆಯ ಕೆಳಗೆ ಮುಚ್ಚಿಟ್ಟಿದ್ದರು. ಬಲಗಾಲಿಗೆ ಜಾಲಿಮುಳ್ಳು ಚುಚ್ಚಿ ಗಾಳಿ ಹೋಗಿದ್ದರಿಂದ ಮುಂದೆ ಒಯ್ಯಲಾಗದೆ ಬಿಟ್ಟಿದ್ದರು.

ನಾನು ಆಗ ರೋಣದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಸುದ್ದಿ ತಿಳಿದು ಶನಿವಾರ ಸಂಜೆ ಸೈಕಲ್ ತುಳಿದು ಜಕ್ಕಲಿಗೆ ಹೋದಾಗ ಚಿಗವ್ವನ ಕಟ್ಟೆಯ ಮೇಲೆ ತೋಟಪ್ಪ ಕೂತಿದ್ದ.

“ಈ ಸರ್ತಿ ಮುಳ್ಳಿನ ಪುಣ್ಯೇಕ ಸಿಕ್ಕೈತಿ. ಮುಂದಿನ ಸರ್ತಿ ಮುಳ್ಳು ಎಲ್ಲಿಂದ ತರ್ತಿ?” ಎನ್ನುತ್ತಿದ್ದ. “ಯುಗಾದಿ ಒಳಗ ಮಾರಿಬಿಡೂಣು. ನಿನ್ನ ಹತ್ತಿ ನನ್ನ ಚಕ್ಕಡ್ಯಾಗ ಹೋಗತೈತಿ.”

“ಯಾವಾಗ ಹೋಗತೈತ್ರಿ ಭಾವಾರ? ಮಳಿ ಬಂದು ಹೋದ ಮ್ಯಾಲೇನು?”

ತೋಟಪ್ಪ ಕೆಮ್ಮಿದ. “ಹೆಂಗಸಿನ ಕೈಯಾಗ ಗಾಡಿ ಐತಿ ಅಂತ ಕಳ್ಳರಿಗೆ ಗೊತ್ತಾಗೇತಿ. ಅವರು ಮತ್ತ ಬರ್ತಾರ.”

“ಇನ್ನೊಮ್ಮೆ ಹೋತಂದ್ರ ಎತ್ತಿನ ಹಗ್ಗ ನಿಮ್ಮ ಕೈಯಾಗ ಕೊಡ್ತೀನ್ರಿ. ಆಮ್ಯಾಲೆ ಗಾಡಿ ಮಾತ ಎತ್ತೂದಿಲ್ಲ,” ಎಂದಳು ಚಿಗವ್ವ. ಅವಳು ಆಡಿದ ಮಾತನ್ನು ಹಿಂತೆಗೆದುಕೊಳ್ಳುವವಳಲ್ಲ.

ರಾತ್ರಿ ಊಟದ ಹೊತ್ತಿಗೆ ನಾನೂ ಮೌನಪ್ಪನೂ ಉಪಾಯ ಹುಡುಕಿದೆವು. ಸರಪಳಿಯಿಂದ ಬೇವಿನ ಗಿಡಕ್ಕೆ ಕಟ್ಟಿದರೆ? “ಗಾಡಿ ಕದಿಯೂವ ಸರಪಳಿ ಬಿಡ್ತಾನೇನ್ರಿ ಮಾಸ್ತರ? ಅದನ್ನೂ ಒಯ್ತಾನ,” ಎಂದ ಮೌನಪ್ಪ. ಒಂದು ಗಾಲಿ ಬಿಚ್ಚಿಟ್ಟರೆ? ಆ ಕಬ್ಬಿಣದ ತೊಟ್ಟಿಯನ್ನು ಎತ್ತಲು ಮೂವರು ಬೇಕು, ದಿನಾ ಯಾರು ಬರುತ್ತಾರೆ? ನಾಯಿ? “ನಮ್ಮ ಓಣಿ ನಾಯಿ ರೊಟ್ಟಿ ಹಾಕಿದ್ರ ಕಳ್ಳನ ಗಾಡಿ ಹಿಂದ ನಡೀತೈತಿ,” ಎಂದು ಚಿಗವ್ವ ನಕ್ಕಳು. ಆ ದಿನ ಅವಳು ನಕ್ಕದ್ದು ಅದೊಂದೇ ಸಲ.

ನನ್ನನ್ನು ಒಂದು ಪ್ರಶ್ನೆ ಬಿಡಲಿಲ್ಲ. ಅಷ್ಟು ಜನರಿದ್ದೂ ಒಬ್ಬರೂ ಯಾಕೆ ನೋಡಲಿಲ್ಲ? ಮರುದಿನ ನೋಟುಬುಕ್ಕು ಹಿಡಿದು ಗಾಡಿದಾರಿಗುಂಟ ನಡೆದೆ. ದಾರಿಯ ಬದಿಯ ಹೊಲದಲ್ಲೇ ಹತ್ತಿ ಬಿಡಿಸುತ್ತಿದ್ದವಳು ಮುದುಕವ್ವ.

“ನೋಡಾಕ ನಮಗೆಲ್ಲಿ ಪುರಸೊತ್ತೋ ತಮ್ಮಾ? ಕಣ್ಣು ಹತ್ತಿ ಮ್ಯಾಲ ಇರ್ತಾವ.”

“ಅವತ್ತು ಮಧ್ಯಾಹ್ನ ಯಾವ ಚಕ್ಕಡಿ ಹೋದ್ವು, ಅದರ ನೆನಪೇನರ ಐತೇನು?”

“ಮೊದಲ ಶಿವನಪ್ಪ ಹೋದ. ಹಿಂದ ಹನುಮಪ್ಪ, ಖಾಲಿ ಚಕ್ಕಡಿ. ಆಮ್ಯಾಲೆ ಮೈಲಾರಪ್ಪ...” ಹೀಗೆ ಆರು ಹೆಸರು ಹೇಳಿದಳು.

“ನೋಡಿಲ್ಲ ಅಂದಿ?”

“ನೋಡೋದ್ಯಾಕ? ಶಿವನಪ್ಪನ ಚಕ್ಕಡಿ ಎಡಗಾಲಿ ಕಬ್ಬಿಣದ ಹಳಿ ಸಡ್ಲಾಗೇತಿ, ಲಟ್ ಲಟ್ ಅಂತೈತಿ. ಹನುಮಪ್ಪಂದು ಖಾಲಿ ಇದ್ರ ಕುಣೀತೈತಿ. ಕಿವಿ ಇಲ್ಲೇನು ನಮಗ?”

ಮುಂದಿನ ಹೊಲದಲ್ಲಿ ಕೇಳಿದೆ, ಅದರ ಮುಂದಿನದರಲ್ಲಿ ಕೇಳಿದೆ. ಮೂರೂ ಕಡೆ ಅದೇ ಆರು ಚಕ್ಕಡಿ, ಅದೇ ಕ್ರಮ. ಯಾರೂ ತಲೆ ಎತ್ತಿರಲಿಲ್ಲ, ಎಲ್ಲರಿಗೂ ಎಲ್ಲ ಗೊತ್ತಿತ್ತು. ಏಳನೆಯ ಗಾಡಿಯೊಂದೇ ಯಾರ ಲೆಕ್ಕದಲ್ಲೂ ಇರಲಿಲ್ಲ.

ಮರಳಿ ಬರುವಾಗ ಮುದುಕವ್ವ ಮತ್ತೆ ಕರೆದಳು. “ತೋಟಪ್ಪನ ತಮ್ಮನ ಗಾಡಿ ಮೊದಲ ಕಿರ್ರೋ ಅಂತ ಊರಿಗೆಲ್ಲ ಕೇಳ್ತಿತ್ತಪ್ಪಾ. ದೀಪಾವಳಿ ಆದ ಮ್ಯಾಲೆ ಏನಾತೋ ಏನೋ, ಮಾತ ಬಿದ್ದು ಹೋತು.”

ಏನಾಯಿತೆಂದು ನನಗೆ ಗೊತ್ತಿತ್ತು. ದೀಪಾವಳಿ ರಜೆಯಲ್ಲಿ ನಾನೇ ಗಾಲಿಗಳನ್ನು ಬಿಚ್ಚಿ, ಬೇರಿಂಗುಗಳನ್ನು ಚಿಮಣಿ ಎಣ್ಣೆಯಲ್ಲಿ ತೊಳೆದು, ಗದಗಿನಿಂದ ತಂದ ಗ್ರೀಸು ತುಂಬಿದ್ದೆ. ಘರ್ಷಣೆ ಕಡಿಮೆಯಾದರೆ ಎತ್ತಿಗೆ ಶ್ರಮ ಕಡಿಮೆ ಎಂದು ಓಣಿಯ ಜನರಿಗೆಲ್ಲ ವಿವರಿಸಿದ್ದೆ ಕೂಡ. ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಆ ಕಿರುಚಾಟವೇ ಗಾಡಿಯ ಕಾವಲು ಎಂಬುದು ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ.

ಗ್ರೀಸು ತೆಗೆದುಬಿಡುವುದು ಸುಲಭ. ಆದರೆ ಬೇರಿಂಗು ಸವೆದು ಎರಡು ವರ್ಷದಲ್ಲಿ ಗಾಲಿ ಕೆಡುತ್ತಿತ್ತು. ಘರ್ಷಣೆಯಿಲ್ಲದೆ ದನಿ ಬೇಕಿತ್ತು. ಗಾಲಿಯ ಒಳಮುಖದಲ್ಲಿ ಆರು ಬೋಲ್ಟುಗಳ ತಲೆ ಹೊರಗೆ ಚಾಚಿದ್ದವು. ಮೌನಪ್ಪನ ಹಳೆಯ ಗರಗಸದ ಅಲಗಿನಿಂದಲೇ ಗೇಣುದ್ದದ ಪಟ್ಟಿ ಕತ್ತರಿಸಿ, ಅದರ ತುದಿ ಬೋಲ್ಟುಗಳಿಗೆ ತಾಗುವಂತೆ ಅಚ್ಚಿನ ಮೇಲೆ ಬಿಗಿದೆವು. ತೊಟ್ಟಿಯ ಅಡಿಗೆ ಅಂಗಾತ ಮಲಗದ ಹೊರತು ಅದು ಕಾಣುತ್ತಿರಲಿಲ್ಲ. ಗಾಲಿ ಒಂದು ಸುತ್ತು ತಿರುಗಿದರೆ ಆರು ಏಟು.

ಓಣಿಯಲ್ಲಿ ಹೊಡೆದು ನೋಡಿದೆವು. ಬಾಗಿಲಲ್ಲಿ ನಿಂತಿದ್ದ ಮುದುಕವ್ವ, “ಇದೇನು ಗಾಡಿನೋ ಹಿಟ್ಟಿನ ಗಿರಣಿನೋ? ಗಿರಣಿ ಸಪ್ಪಳಕ್ಕ ಯಾರು ತಿರುಗಿ ನೋಡ್ತಾರ?” ಎಂದಳು. ಮೌನಪ್ಪ ಒಂದು ಬೋಲ್ಟಿನ ತಲೆಯನ್ನು ಅರದಿಂದ ತಿಕ್ಕಿ ತಗ್ಗಿಸಿದ. ಈಗ ಐದು ಏಟು, ಒಂದು ಬಿಡುವು. ಟಕ್ ಟಕ್ ಟಕ್ ಟಕ್ ಟಕ್, ಮತ್ತೆ ಸುಮ್ಮನೆ. ಜಕ್ಕಲಿಯಲ್ಲಿ ಬೇರೆ ಯಾವ ಚಕ್ಕಡಿಯೂ ಹಾಗೆ ಉಸಿರು ತೆಗೆದುಕೊಳ್ಳುತ್ತಿರಲಿಲ್ಲ.

ನಾನು ಇನ್ನೊಂದು ಜಾಣತನ ಮಾಡಿದ್ದೆ. ಒಂದು ಮರದ ಬೆಣೆ ಸಿಕ್ಕಿಸಿದರೆ ಪಟ್ಟಿ ಹಿಂದೆ ಸರಿದು ಗಾಡಿ ಸುಮ್ಮನಾಗುತ್ತಿತ್ತು. “ನೀ ಹೊಡಿಯೂವಾಗ ಬೆಣಿ ಹಾಕು ಚಿಗವ್ವ, ಕಿರಿಕಿರಿ ಇರೂದಿಲ್ಲ. ನಿಲ್ಲಿಸಿದಾಗ ತಗಿ. ಕಳ್ಳ ಹೊಡದರಷ್ಟ ಸಪ್ಪಳಾಗತೈತಿ.”

ಅವಳು ಬೆಣೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಮಾಸ್ತರ, ಈ ದನಿ ನಂದು ಅಂತ ಮಂದಿಗೆ ಹ್ಯಾಂಗ ಗೊತ್ತಾಗಬೇಕು? ಒಮ್ಮೆನೂ ಕೇಳದ ದನಿ ಹೋದ್ರ, ಯಾರೋ ಪರಊರಾವ ಹೊಂಟಾನ ಅಂತ ಹತ್ತಿ ಬಿಡಸ್ತಾರ.” ಬೆಣೆಯನ್ನು ಒಲೆಗೆ ಹಾಕಿದಳು.

ಒಂದು ತಿಂಗಳು ಅವಳು ದಿನಾ ಆ ಗಾಡಿ ಹೊಡೆದಳು. ಹೊಲಕ್ಕೆ, ಹಳ್ಳಕ್ಕೆ, ಅಡತಿ ಅಂಗಡಿಗೆ. ಕೆಲಸವಿಲ್ಲದ ದಿನವೂ ಹೂಡಿದಳು. ಮೊದಲ ವಾರ ಜನ ಬೈದರು, ಎರಡನೆಯ ವಾರ ಮಕ್ಕಳು ಬಾಯಲ್ಲಿ ಟಕ್ ಟಕ್ ಎನ್ನುತ್ತ ಓಡಿದರು, ಮೂರನೆಯ ವಾರ ಯಾರಿಗೂ ಅದು ಕೇಳಿಸಲೇ ಇಲ್ಲ. ನಾನು ನಿರಾಶನಾದೆ. ಚಿಗವ್ವ, “ಈಗ ಪಕ್ಕಾ ಆತು,” ಎಂದಳು.

ಮಾರ್ಚ್ ನಡುವಿನ ಒಂದು ಭಾನುವಾರ. ಎತ್ತುಗಳನ್ನು ಹಳ್ಳದ ಜಾಲಿಗೆ ಕಟ್ಟಿ, ಗಾಡಿಯನ್ನು ಬೇವಿನ ಕೆಳಗೆ ಬಿಟ್ಟು ಚಿಗವ್ವ ಹತ್ತಿ ಬಿಡಿಸುತ್ತಿದ್ದಳು. ಅವಳ ಪಕ್ಕದ ಸಾಲಿನಲ್ಲಿ ಮುದುಕವ್ವ, ಅವಳಾಚೆ ನಾನು. ದಾರಿಯಾಚೆಯ ತನ್ನ ಹೊಲದಲ್ಲಿ ತೋಟಪ್ಪ.

“ಮಾಸ್ತರ ಹತ್ತಿ ಬಿಡಸ್ತಾರೋ, ಎಲಿ ಬಿಡಸ್ತಾರೋ?” ಎಂದು ಮುದುಕವ್ವ ನನ್ನನ್ನು ಕೆಣಕುತ್ತಿದ್ದಳು. ಆಗ ದಾರಿಯ ಕಡೆಯಿಂದ ಬಂತು: ಟಕ್ ಟಕ್ ಟಕ್ ಟಕ್ ಟಕ್, ಬಿಡುವು.

ಮುದುಕವ್ವ ತಲೆ ಎತ್ತದೆ ಹೇಳಿದಳು: “ಅಡಿವೆವ್ವ ಹೊಂಟ್ಳು.”

“ನಾ ಇಲ್ಲೇ ಅದೀನಲ್ಲ, ಮುದುಕವ್ವತ್ತಿ,” ಎಂದಳು ಚಿಗವ್ವ.

ಒಂದು ಕ್ಷಣ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುದುಕವ್ವ ಎದ್ದು ನಿಂತು ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. “ಅಡಿವೆವ್ವ ಇಲ್ಲೇ ಅದಾಳ! ಆಕಿ ಗಾಡಿ ಹೊಂಟೈತಿ!”

ಅಷ್ಟರಲ್ಲೇ ಮುಂದಿನ ಹೊಲದ ಹೆಂಗಸರು ಎದ್ದಿದ್ದರು. ಅವರಿಗೂ ಚಿಗವ್ವ ಕಾಣುತ್ತಿದ್ದಳು, ಅವಳ ಗಾಡಿಯ ದನಿ ಬೇರೆ ಕಡೆಯಿಂದ ಬರುತ್ತಿತ್ತು. ಉಡಿಯ ತುಂಬ ಹತ್ತಿ ಕಟ್ಟಿಕೊಂಡೇ ಓಡಿದರು. ದಾರಿಯುದ್ದಕ್ಕೂ ಹತ್ತಿ ಉದುರಿತು. ಎಲ್ಲರಿಗಿಂತ ಮುಂದೆ ಚಿಗವ್ವ. ತೋಟಪ್ಪ ತನ್ನ ಹೊಲದಿಂದ ಧೋತರ ಮೇಲೆತ್ತಿಕೊಂಡು ಓಡಿ ಬಂದ.

ಗಾಡಿ ದೂರ ಹೋಗಿರಲಿಲ್ಲ. ಕಳ್ಳರು ಇಬ್ಬರು. ಒಬ್ಬ ಎತ್ತು ನಿಲ್ಲಿಸಿದ್ದ, ಇನ್ನೊಬ್ಬ ಸೀಸೆ ಹಿಡಿದು ಗಾಲಿಯ ನಡುವಿಗೆ ಔಡಲೆಣ್ಣೆ ಸುರಿಯುತ್ತಿದ್ದ. ಸಪ್ಪಳವೆಲ್ಲ ಘರ್ಷಣೆಯದು ಎಂದು ಪಾಪ, ಅವರೂ ನನ್ನ ಹಾಗೆಯೇ ತಿಳಿದಿದ್ದರು. ಒಂದು ಗಾಲಿಗೆ ಸುರಿದು, ಹೊಡೆದು ನೋಡಿ, ಸಪ್ಪಳ ನಿಲ್ಲದ್ದಕ್ಕೆ ಇನ್ನೊಂದಕ್ಕೂ ಸುರಿಯುತ್ತಿದ್ದಾಗಲೇ ಮೂವತ್ತು ಹೆಂಗಸರು ಎರಡೂ ಕಡೆಯಿಂದ ದಾರಿ ಕಟ್ಟಿದರು. ಎತ್ತು ಬಿಚ್ಚಿಕೊಳ್ಳಲೂ ಅವರಿಗೆ ಹೊತ್ತು ಸಿಗಲಿಲ್ಲ. ಗಾಡಿ, ಎತ್ತು, ಸೀಸೆ ಎಲ್ಲ ಬಿಟ್ಟು ಹೊಲಕ್ಕೆ ಹಾರಿದರು. ಒಬ್ಬನನ್ನು ಹನುಮಪ್ಪ ಹಿಡಿದ, ಇನ್ನೊಬ್ಬನ ಚಪ್ಪಲಿ ಮಾತ್ರ ಸಿಕ್ಕವು.

“ಎಣ್ಣಿ ಹಚ್ಚಿ ಕೊಟ್ಟೀರಿ, ಪುಣ್ಯಾತ್ಮರು!” ಎಂದು ಮುದುಕವ್ವ ಚಪ್ಪಲಿಗೆ ಕೈ ಮುಗಿದಳು. ನಗು ಹೊಲದಿಂದ ಹೊಲಕ್ಕೆ ಹೋಯಿತು.

ಸಿಕ್ಕವನನ್ನೂ ಎತ್ತುಗಳನ್ನೂ ಪೊಲೀಸ್ ಪಾಟೀಲರಿಗೆ ಒಪ್ಪಿಸಲು ನಾಲ್ವರು ಗಂಡಸರು ಊರ ಕಡೆ ನಡೆದರು. ಚಿಗವ್ವ ತನ್ನ ಎತ್ತು ತಂದು ಹೂಡಿದಳು. ಏದುಸಿರು ಬಿಡುತ್ತ ನಿಂತಿದ್ದ ತೋಟಪ್ಪ ನೊಗದ ಬಳಿ ಬಿದ್ದಿದ್ದ ಹಗ್ಗ ಎತ್ತಿ, ಮಣ್ಣು ಜಾಡಿಸಿ ಅವಳ ಕೈಗೆ ಕೊಟ್ಟ. ಏನೋ ಹೇಳಬೇಕೆಂದು ಗಾಲಿಯನ್ನು, ಬೇವಿನ ಗಿಡವನ್ನು, ಆಮೇಲೆ ಆಕಾಶವನ್ನು ನೋಡಿದ. ಗಜೇಂದ್ರಗಡದ ದಿಕ್ಕಿಗೆ ಮೋಡ ಕಟ್ಟುತ್ತಿತ್ತು.

“ಅಡಿವೆವ್ವ,” ಎಂದ ಕೊನೆಗೆ, “ನನ್ನ ಚಕ್ಕಡಿ ಅಚ್ಚು ಬಿರದೈತಿ. ನಾಕ ಅಂಡಿಗಿ ಹತ್ತಿ ಹೊಲದಾಗ ಬಿದ್ದಾವ. ಮಳಿ ಬರೂ ಹಂಗ ಕಾಣ್ತೈತಿ...”

“ಒಯ್ಯೂಣಂತ್ರಿ ಭಾವಾರ,” ಎಂದಳು ಚಿಗವ್ವ, ಗಾಡಿ ಹತ್ತಿ ಕೂತು. “ಮೊದಲ ನನ್ನ ಹೊಲದ್ದು ಮುಗೀಲಿ.”

ತೋಟಪ್ಪನೂ ನಕ್ಕುಬಿಟ್ಟ. ಅವಳು ಎತ್ತಿನ ಬೆನ್ನು ತಟ್ಟಿದಳು. ದಾರಿಯ ಎರಡೂ ಬದಿಗೆ ಹೆಂಗಸರು ಆಗಲೇ ಬಾಗಿ ಹತ್ತಿ ಬಿಡಿಸತೊಡಗಿದ್ದರು. ಐದು ಏಟು, ಒಂದು ಬಿಡುವು ಅವರ ನಡುವೆ ಹಾದು ಹೋಯಿತು. ಯಾರೂ ತಲೆ ಎತ್ತಲಿಲ್ಲ.