ಪರದೆಯ ಬೆಟ್ಟ

ಅಪ್ಪನ ಉಗುರಿನ ಸಂದಿಯಲ್ಲಿ ಕೂತಿದ್ದ ನೀಲಿಯನ್ನು ಮಗಳು ಒದ್ದೆ ಬಟ್ಟೆಯಿಂದ ಉಜ್ಜುತ್ತಲೇ ಇದ್ದಳು. ಹೆಣ ಹೊರುವವರು ಆಗಲೇ ಬಾಗಿಲಲ್ಲಿ ನಿಂತಿದ್ದರು.

"ಬಿಡೇ ತಾಯಿ, ಜೀವಮಾನದ ಬಣ್ಣ. ನಿನ್ನ ಒಂದು ಚೊಂಬು ನೀರಿಗೆ ಹೋಗುತ್ತಾ?" ಅಂದಳು ಚಿಕ್ಕಮ್ಮ.

ನಾಟಕಮಂದಿರದ ಪರದೆ ಬರೆಯುವವನ ಸಾವಿಗೆ ಬೀದಿಯ ಜನವಷ್ಟೇ ಬಂದಿದ್ದರು. ಅವರ ನಡುವೆ ಹಳೆಯ ಸಿಪಾಯಿ ಕೋಟಿನ ಮುದುಕನೊಬ್ಬ. ರೈಲಿಳಿದು ನೇರ ಬಂದವನು.

"ಅಂಚೆಚೀಟೀಲಿರೋ ಆ ಬೆಟ್ಟ ಬರೆದವರು ಇವರೇನಾ ಅಮ್ಮ?"

"ಹೂಂ."

"ಅದು ಎಲ್ಲಿದೆ ಅಂತ ಕೇಳೋಣ ಅಂತ ಬಂದೆ. ಕಣ್ಣು ಮುಚ್ಚೋಕೆ ಮುಂಚೆ ಒಂದ್ಸಲ ನೋಡ್ಬೇಕಿತ್ತು."

ಮಗಳು ಒದ್ದೆ ಬಟ್ಟೆಯನ್ನು ಹಿಂಡತೊಡಗಿದಳು. ಅಪ್ಪ ಆ ಗುಟ್ಟನ್ನು ಹೊರಗಿನವರಿಗೆ ಬಿಟ್ಟುಕೊಟ್ಟಿರಲಿಲ್ಲ.

\*

ದೇಶ ಹುಟ್ಟಿ ಆಗಿನ್ನೂ ವರ್ಷ ತುಂಬಿರಲಿಲ್ಲ. "ನಮ್ಮ ನಾಡು ಅಂದ್ರೆ ಇದು ಅಂತ ಜನಕ್ಕೆ ಕಾಣ್ಬೇಕು. ಅಂಥ ಪರದೆ ಬರಿ," ಎಂದಿದ್ದರು ಮಂದಿರದ ಮ್ಯಾನೇಜರು.

"ಕಾಣದ ಊರಿಗೆ ದಾರಿ ಹೇಳು ಅಂತೀರಲ್ಲ ಸ್ವಾಮಿ. ನಾನು ರೈಲ್ವೆ ಗೇಟು ದಾಟಿದವನಲ್ಲ," ಎಂದು ಅಪ್ಪ ನಕ್ಕಿದ್ದ.

ಆದರೂ ಬಟ್ಟೆಯನ್ನು ನೆಲದುದ್ದಕ್ಕೂ ಹಾಸಿ, ಅದರ ಮೇಲೇ ಮಂಡಿಯೂರಿ, ಹತ್ತು ದಿನ ಬರೆದ. ಹತ್ತು ವರ್ಷದ ಮಗಳು ಬಣ್ಣದ ಬಕೀಟು ಹಿಡಿದು ಹಿಂದೆ ಹಿಂದೆ. ಮೂರು ಶಿಖರದ ಬೆಟ್ಟ. ನಡುವಿನದರ ನೆತ್ತಿಗೆ ಬೆಳಕು.

"ಯಾವ ಬೆಟ್ಟ ಅಪ್ಪ ಇದು?"

"ಯಾವುದೂ ಅಲ್ಲ ಮಗಳೇ. ಹೀಗೊಂದಿದ್ರೆ ಚೆನ್ನಾಗಿರುತ್ತೆ ಅಂತ."

ಮೊದಲ ಪ್ರದರ್ಶನದಲ್ಲಿ ಆ ಪರದೆ ಇಳಿದಾಗ ಚಪ್ಪಾಳೆ ಬೀಳಲಿಲ್ಲ. ಮಂದಿರಕ್ಕೆ ಮಂದಿರವೇ ಉಸಿರು ಬಿಗಿಹಿಡಿಯಿತು. ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತಳು. ಆಮೇಲೆ ಎಲ್ಲರೂ. ರಂಗದ ಪಕ್ಕದ ಕತ್ತಲಲ್ಲಿ ಅಪ್ಪ ಮಗಳ ಭುಜ ಹಿಡಿದುಕೊಂಡ.

"ಇಷ್ಟನ್ನ ನಾನು ಬರೆದಿಲ್ಲ ಕಣೇ," ಎಂದು ಪಿಸುಗುಟ್ಟಿದ.

ಬೆಟ್ಟ ಅಂಚೆಚೀಟಿಗೆ ಬಂತು, ಶಾಲೆಯ ಪುಸ್ತಕಕ್ಕೆ ಬಂತು. ಅಪ್ಪ ಮಾತ್ರ ಅರಮನೆ, ಕಾಡು, ಬೀದಿಗಳ ಪರದೆ ಬರೆಯುತ್ತ ಉಳಿದ.

\*

ಸ್ಮಶಾನದ ದಾರಿಯಲ್ಲಿ ಮಗಳು ಸಿಪಾಯಿಯ ಪಕ್ಕಕ್ಕೆ ಬಂದಳು.

"ಸುಳ್ಳು ಹೇಳೋಕೆ ನಾಲಿಗೆ ಏಳ್ತಿಲ್ಲ ಅಜ್ಜ. ಅಂಥ ಬೆಟ್ಟ ಎಲ್ಲೂ ಇಲ್ಲ. ಅಪ್ಪ ಮನಸ್ಸಿನಿಂದ ಬರೆದಿದ್ದು."

ಸಿಪಾಯಿ ಅವಳ ಕಡೆ ತಿರುಗಿದ.

"ಗಡೀಲಿ ನಮ್ಮ ಗುಂಪಲ್ಲಿ ಒಬ್ಬನ ಮಾತು ಇನ್ನೊಬ್ಬನಿಗೆ ತಿಳೀತಿರಲಿಲ್ಲ. ಒಬ್ಬನ ಹತ್ರ ಆ ಅಂಚೆಚೀಟಿ ಇತ್ತು. ಚಳಿ ತಡೀಲಾರದಾಗ ಅದನ್ನ ಕೈಯಿಂದ ಕೈಗೆ ದಾಟಿಸ್ತಿದ್ವಿ. ಪ್ರತಿಯೊಬ್ಬನೂ ಬೆಟ್ಟದ ಮೇಲೆ ಬೆರಳಿಟ್ಟು, ಆಮೇಲೆ ತನ್ನ ಎದೆ ಮುಟ್ಕೊಳ್ತಿದ್ದ. ನಮ್ಮೂರಿಂದು ಅಂತ." ಅವನು ಈಗಲೂ ಎದೆ ಮುಟ್ಟಿಕೊಂಡ. "ಇಲ್ಲ ಅಂತ ಹೇಗ್ ಹೇಳ್ಲಿ ಮಗಳೇ? ನಾವು ಅದರ ಬುಡದಲ್ಲೇ ಬದುಕಿದ್ದವರು."



ಗುಂಡಿಯ ಬಳಿ ಬಂದಾಗ ಸಿಪಾಯಿ, "ಅವರ ಮುಖ ಬೆಟ್ಟದ ಕಡೆಗಿರಲಿ," ಎಂದ.

ಯಾವ ಕಡೆ ಎಂದು ಯಾರೂ ಕೇಳಲಿಲ್ಲ. ಹೊತ್ತಿದ್ದ ನಾಲ್ವರೂ ಒಟ್ಟಿಗೇ ಒಂದೇ ದಿಕ್ಕಿಗೆ ತಿರುಗಿದರು. ಅತ್ತ ಬಯಲು, ಬಯಲಿನಾಚೆ ಬರೀ ಆಕಾಶ. ನೆರೆದವರೆಲ್ಲ ಅತ್ತಲೇ ನೋಡುತ್ತಿದ್ದರು. ಮುಂದಿನವರ ತಲೆ ಅಡ್ಡ ಬಂದಿತೆಂದು ಮಗಳು ಹಿಮ್ಮಡಿ ಎತ್ತಿ ನಿಂತಳು.